ಮಂಡಿ ಕೆಳಗೆ ಮುಳ್ಳುತಂತಿ ಗಾಯ, ಮೇಲೆ ಕಕ್ಕಡ ಮಾಸದ ಮಳೆ: ಕುದುರೆಗೆ ಏನು ಹಚ್ಚಬೇಕು, ಏನು ಹಚ್ಚಬಾರದು?

ಹಳೇತೋಟ ನಾಪೋಕ್ಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹೆಣ್ಣು ಕುದುರೆ, ಏಳು ವರ್ಷ, ತೂಕ ಅಂದಾಜು 350 ಕೆ.ಜಿ. ನಾಲ್ಕು ದಿನದ ಹಿಂದೆ ಬೇಲಿಯ ಮುಳ್ಳುತಂತಿಗೆ ಸಿಕ್ಕಿಕೊಂಡು ಎಡ ಮುಂಗಾಲಿನಲ್ಲಿ, ಮಂಡಿಯಿಂದ ನಾಲ್ಕು ಬೆರಳು ಕೆಳಗೆ, ಮುಂಭಾಗದ ಚರ್ಮ ಕಿತ್ತುಹೋಗಿದೆ. ಉದ್ದ 6 ಸೆಂ.ಮೀ., ಅಗಲ 3 ಸೆಂ.ಮೀ. ಅವತ್ತೇ ಡಾಕ್ಟರು ಬಂದು ನೋಡಿದರು. ಮೂಳೆ ಕಾಣುತ್ತಿಲ್ಲ, ಕೀಲಿಗೆ ಏಟಾಗಿಲ್ಲ ಅಂದರು. ಚರ್ಮವೇ ಹೋಗಿರುವುದರಿಂದ ಹೊಲಿಗೆ ನಿಲ್ಲುವುದಿಲ್ಲ, ತೆರೆದ ಗಾಯವಾಗಿಯೇ ಮಾಯಿಸಬೇಕು ಅಂತ ಹೇಳಿದರು. ಧನುರ್ವಾಯು ಇಂಜೆಕ್ಷನ್ ಆಗಿದೆ, ನೋವಿನ ಔಷಧಿ, ಐದು ದಿನದ ಆಂಟಿಬಯಾಟಿಕ್ ಕೊಟ್ಟಿದ್ದಾರೆ. ದಿನಾ ತೊಳೆದು ಪಟ್ಟಿ ಕಟ್ಟಿ ಅಂದಿದ್ದಾರೆ. ಮುಂದಿನ ವಾರ ಮತ್ತೆ ಬರುತ್ತಾರೆ.

ತೊಂದರೆ ಏನೆಂದರೆ ನೋಡಲು ಬಂದವರೆಲ್ಲ ಒಂದೊಂದು ಹೇಳುತ್ತಾರೆ. ಅರಿಶಿನ ಮತ್ತು ಕೊಬ್ಬರಿ ಎಣ್ಣೆ, ಡೆಟಾಲ್, ಟರ್ಪೆಂಟೈನ್, ಜೆನ್ಶನ್ ವಯಲೆಟ್, ಬೆಳ್ಳಿ ಬಣ್ಣದ ಸ್ಪ್ರೇ, ಜೇನು. ದುರ್ಮಾಂಸ (ಗಾಯದಲ್ಲಿ ಚರ್ಮದ ಮಟ್ಟ ಮೀರಿ ಉಕ್ಕುವ ಮಾಂಸ) ಬಂದರೆ ಮೈಲುತುತ್ತ ಹಾಕಿ ಸುಡಬೇಕಂತೆ, ಅದಂತೂ ಗೋದಾಮಿನಲ್ಲಿ ಮೂಟೆಗಟ್ಟಲೆ ಇದೆ. ಯಾವುದನ್ನೂ ಇನ್ನೂ ಹಾಕಿಲ್ಲ, ಬರೀ ಉಪ್ಪುನೀರು.

ಕೇಳಬೇಕಾದದ್ದು ಇಷ್ಟು. ಯಾವುದರಲ್ಲಿ, ಎಷ್ಟು ಹದದಲ್ಲಿ ತೊಳೆಯಬೇಕು? ಈ ಮಳೆಯಲ್ಲಿ ಪಟ್ಟಿ ಕಟ್ಟಬೇಕಾ, ಗಾಳಿಗೆ ಬಿಡಬೇಕಾ? ಮೊದಲ ದಿನಕ್ಕಿಂತ ಗಾಯ ಈಗ ದೊಡ್ಡದಾಗಿ ಕಾಣುತ್ತಿದೆ, ಕೆಡುತ್ತಿದೆ ಅಂತ ಅರ್ಥವಾ?

ಲಾಯದ ಮನೆ, ಮಡಿಕೇರಿ

ಕೊನೆಯ ಪ್ರಶ್ನೆಯನ್ನೇ ಮೊದಲು ಹಿಡಿಯೋಣ ಅಣ್ಣ, ನಿಮ್ಮ ಆತಂಕ ಅಲ್ಲೇ ಇರುವುದು. ಕುದುರೆಯ ಕಾಲಿನ ಗಾಯ ಮೊದಲ ಒಂದೆರಡು ವಾರ ಅಗಲವಾಗುವುದೇ ಸಹಜ. ಅಂಚಿನ ಚರ್ಮ ಎರಡು ಕಡೆಗೂ ಎಳೆದುಕೊಳ್ಳುತ್ತದೆ, ಒಳಗಿನಿಂದ ಹಿಡಿದಿಡಲು ಆಗ ಏನೂ ಇರುವುದಿಲ್ಲ. ಕೆಂಪು ಹೊಸ ಮಾಂಸ ತಳದಲ್ಲಿ ತುಂಬಿದ ಮೇಲೆಯೇ ಗಾಯ ಕುಗ್ಗಲು ಶುರು. ವಾಸನೆ ಇಲ್ಲ, ಕುದುರೆ ಆ ಕಾಲಿನ ಮೇಲೆ ಭಾರ ಹಾಕುತ್ತಿದೆ, ಜ್ವರ 38.5 ಡಿಗ್ರಿ ದಾಟಿಲ್ಲ ಅಂದರೆ ದೊಡ್ಡದಾಗಿ ಕಂಡದ್ದಕ್ಕೆ ಹೆದರಬೇಡಿ. ದಿನಾ ಬೆಳಿಗ್ಗೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಬರೆದಿಡಿ. ಆರಾಮವಾಗಿರುವ ಕುದುರೆಯದ್ದು 37.2ರಿಂದ 38.3ರ ಒಳಗಿರುತ್ತದೆ.

ಇದೇ ಗಾಯ ಪಕ್ಕೆಯ ಮೇಲಾಗಿದ್ದರೆ ಅರ್ಧ ಚಿಂತೆ ಇರುತ್ತಿರಲಿಲ್ಲ. ಮಂಡಿಯ ಕೆಳಗೆ ಮಾಂಸಖಂಡವೇ ಇಲ್ಲ, ಚರ್ಮದ ಕೆಳಗೆ ಸ್ನಾಯುಬಂಧ ಮತ್ತು ಮೂಳೆ, ಅಷ್ಟೇ. ರಕ್ತ ಓಡಾಟ ಕಡಿಮೆ, ಚರ್ಮ ಬಿಗಿ. ಹೊಸ ಚರ್ಮ ಅಂಚಿನಿಂದ ಒಳಗೆ ಹರಿದು ಬರುವ ವೇಗ ಪಕ್ಕೆಯಲ್ಲಿ ದಿನಕ್ಕೆ ಸುಮಾರು 0.2 ಮಿ.ಮೀ. ಆದರೆ ಕಾಲಿನ ಕೆಳಭಾಗದಲ್ಲಿ 0.09 ಮಿ.ಮೀ. ಅಂದರೆ ಒಂದು ಮಿಲಿಮೀಟರಿಗೆ ಹನ್ನೊಂದು ದಿನ. ಗಾಯದ ಸುತ್ತ ನಸುಗೆಂಪು-ಬಿಳಿ ದಾರದಂತೆ ಒಂದು ಗೆರೆ ಇನ್ನೊಂದು ವಾರದಲ್ಲಿ ಕಾಣಿಸಿಕೊಳ್ಳುತ್ತದೆ. ಅದೇ ಹೊಸ ಚರ್ಮ. ಹಚ್ಚುವುದು, ಉಜ್ಜುವುದು, ಕಟ್ಟುವುದು ಏನೇ ಇದ್ದರೂ ಆ ಗೆರೆಗೆ ಪೆಟ್ಟಾಗುತ್ತದಾ ಅಂತ ಒಂದು ಸಲ ನೋಡಿಕೊಂಡು ಮಾಡಿ. ಒಂದು ಬಾರಿ ಸುಟ್ಟರೆ ಎರಡು ವಾರದ ಬೆಳವಣಿಗೆ ಹೋಯಿತು ಅಂತಲೇ ಲೆಕ್ಕ.

ತೊಳೆಯುವುದು: ನಿಮ್ಮ ಉಪ್ಪುನೀರು ಸರಿಯಾಗಿದೆ, ಹದ ಮಾತ್ರ ನೋಡಿಕೊಳ್ಳಿ. ಒಂದು ಲೀಟರ್ ನೀರನ್ನು ಹತ್ತು ನಿಮಿಷ ಕುದಿಸಿ, 9 ಗ್ರಾಂ ಪುಡಿ ಉಪ್ಪು ಹಾಕಿ, ಉಗುರು ಬೆಚ್ಚಗಾಗುವವರೆಗೆ ಮುಚ್ಚಿಡಿ. 9 ಗ್ರಾಂ ಅಂದರೆ ಒಂದೂವರೆ ಟೀ ಚಮಚ, ತಲೆ ತಟ್ಟಿ ಅಳೆದದ್ದು. ಹೆಚ್ಚು ಹಾಕಿದರೆ ಇನ್ನೂ ಚೆನ್ನಾಗಿ ಶುದ್ಧವಾಗುತ್ತದೆ ಅನ್ನುವುದು ತಪ್ಪು, ಗಟ್ಟಿ ಉಪ್ಪುನೀರು ಹೊಸ ಜೀವಕೋಶದಿಂದ ನೀರು ಹೀರಿ ಸಾಯಿಸುತ್ತದೆ. ಅವತ್ತು ಮಾಡಿದ್ದು ಅವತ್ತಿಗೇ ಮುಗಿಯಬೇಕು. ಅನುಕೂಲ ಇದ್ದರೆ ಮೆಡಿಕಲ್ ಶಾಪಿನ 500 ಮಿ.ಲೀ. ನಾರ್ಮಲ್ ಸಲೈನ್ ಬಾಟಲಿ ಎರಡು ತಂದುಬಿಡಿ, ತಲೆನೋವೇ ಇಲ್ಲ.

ಸುರಿದರೆ ಸಾಲದು, ಸ್ವಲ್ಪ ಒತ್ತಡ ಬೇಕು. 50 ಮಿ.ಲೀ. ಸಿರಿಂಜಿಗೆ 18 ಗೇಜ್ ಸೂಜಿ ಹಾಕಿ, ಗಾಯದಿಂದ ಒಂದು ಗೇಣಿಗಿಂತ ಕಡಿಮೆ ದೂರದಲ್ಲಿ ಹಿಡಿದು, ಓರೆಯಾಗಿ ಚಿಮ್ಮಿಸಿ. ಕೊಳೆ ಕೀಳುವಷ್ಟು ಬಲ ಬರುತ್ತದೆ, ಕೊಳೆಯನ್ನು ಒಳಕ್ಕೆ ತಳ್ಳುವಷ್ಟು ಬರುವುದಿಲ್ಲ. ಸೂಜಿ ಸಿರಿಂಜಿಗೆ ಗಟ್ಟಿಯಾಗಿ ಕೂತಿದೆಯೇ ನೋಡಿಕೊಳ್ಳಿ, ಒತ್ತಡಕ್ಕೆ ಕಳಚಿ ಹಾರುವುದುಂಟು. ಮೇಲಿನಿಂದ ಕೆಳಕ್ಕೆ, ಗಾಯದ ನಡುವಿನಿಂದ ಹೊರಕ್ಕೆ. ಈಗ ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರ್ ಸಾಕು. ತೋಟದ ಔಷಧಿ ಹೊಡೆಯುವ ಪಂಪನ್ನು ದಯವಿಟ್ಟು ಇದಕ್ಕೆ ತರಬೇಡಿ. ಅದರ ಪೈಪಿನಲ್ಲಿ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ತೋಟದ ಔಷಧಿ) ಉಳಿದಿರುತ್ತದೆ, ಒತ್ತಡವೂ ವಿಪರೀತ. ತೊರೆ ನೀರು, ಕೆರೆ ನೀರೂ ಬೇಡ. ಪೈಪ್ ನೀರು ಬಿಡುವುದು ಗಾಯವಾದ ಮೊದಲ ದಿನದ ಕೆಸರು ತೆಗೆಯುವುದಕ್ಕೆ ಸರಿ. ದಿನಾ ಇಪ್ಪತ್ತು ನಿಮಿಷ ನೀರು ಬಿಡುತ್ತಾ ಹೋದರೆ ಹೊಸ ಮಾಂಸ ನೀರು ಕುಡಿದು ಊದಿಕೊಳ್ಳುತ್ತದೆ.

ಬೆಟಾಡಿನ್ ಹಾಕಬಹುದು, ಆದರೆ ಬಾಟಲಿಯಿಂದ ನೇರ ಅಲ್ಲ. ಬಾಟಲಿ ಮೇಲೆ 5% ಇದೆಯೋ 10% ಇದೆಯೋ ಓದಿ, ಎರಡೂ ಸಿಗುತ್ತವೆ. 10%ದಾದರೆ ಲೀಟರ್ ಸಲೈನಿಗೆ 10 ಮಿ.ಲೀ., 5%ದಾದರೆ 20 ಮಿ.ಲೀ. ಬಣ್ಣ ಹಾಲಿಲ್ಲದ ತೆಳು ಟೀಯಂತೆ ಇರಬೇಕು, ಕಾಫಿ ಡಿಕಾಕ್ಷನ್ನಿನಂತೆ ಕಂಡರೆ ಹೆಚ್ಚಾಯಿತು. 'ಸ್ಕ್ರಬ್' ಅಂತ ಬರೆದಿರುವ ಬಾಟಲಿಯಲ್ಲಿ ಸಾಬೂನು ಇದೆ, ಅದು ಸುತ್ತಲಿನ ಚರ್ಮಕ್ಕೆ ಮಾತ್ರ. ಕ್ಲೋರ್‌ಹೆಕ್ಸಿಡಿನ್ 2% ಇದ್ದರೆ ಲೀಟರಿಗೆ 25 ಮಿ.ಲೀ., ಕಣ್ಣಿನ ಹತ್ತಿರದ ಗಾಯಕ್ಕೆ ಅದು ಬೇಡವೇ ಬೇಡ. ಎರಡರಲ್ಲಿ ಒಂದು. ಅದೂ ಕೊಳೆ, ಕೀವು ಇರುವಷ್ಟು ದಿನ. ತಳ ಕೆಂಪಗಾದ ಮೇಲೆ ಬರೀ ಸಲೈನ್.

ಇನ್ನು ನಿಮಗೆ ಬಂದ ಸಲಹೆಗಳು. ಡೆಟಾಲ್, ಟರ್ಪೆಂಟೈನ್ ಎರಡೂ ಬೇಡ. ಕುದುರೆಯ ಚರ್ಮ ದನದ್ದಕ್ಕಿಂತ ತುಂಬಾ ಸೂಕ್ಷ್ಮ, ಟರ್ಪೆಂಟೈನ್ ಬಿದ್ದ ಜಾಗ ಬೊಬ್ಬೆ ಏಳುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಯಾರೂ ಇನ್ನೂ ಹೇಳಿಲ್ಲ, ಹೇಳುತ್ತಾರೆ. ನೊರೆ ನೋಡಿ ಕೆಲಸ ಮಾಡುತ್ತಿದೆ ಅನಿಸುತ್ತದೆ, ಆದರೆ ಅದು ಹೊಸ ಮಾಂಸ ಕಟ್ಟುವ ಕೋಶಗಳನ್ನೂ ಕೊಲ್ಲುತ್ತದೆ. ಜೆನ್ಶನ್ ವಯಲೆಟ್ ಗಾಯವನ್ನು ಒಣಗಿಸುತ್ತದೆ, ಮೇಲಾಗಿ ನೇರಳೆ ಬಣ್ಣದ ಅಡಿಯಲ್ಲಿ ಮಾಂಸ ಕೆಂಪಗಿದೆಯೋ ಕಪ್ಪಾಗಿದೆಯೋ ಡಾಕ್ಟರಿಗೂ ಕಾಣುವುದಿಲ್ಲ. ಬೆಳ್ಳಿ ಸ್ಪ್ರೇ ತರಚು ಗಾಯಕ್ಕೆ, ಕೊನೆಯಲ್ಲಿ ಕಾಸಿನಗಲ ಉಳಿದಾಗ ಸರಿ, ಈಗಲ್ಲ. ಅಡುಗೆಮನೆ ಅರಿಶಿನಕ್ಕೆ ಒಳ್ಳೆಯ ಗುಣ ಇರಬಹುದು, ಆದರೆ ತೆರೆದ ಡಬ್ಬಿಯ ಪುಡಿ ಶುದ್ಧವಲ್ಲ. ಎಣ್ಣೆಯೊಂದಿಗೆ ಗಾಯದಲ್ಲಿ ಹೆಪ್ಪುಗಟ್ಟಿ ಕೂರುತ್ತದೆ, ಆ ಹೆಪ್ಪಿನ ಅಡಿಯಲ್ಲೇ ಕೀವಾಗುವುದು. ಆಂಟಿಬಯಾಟಿಕ್ ಪುಡಿ ಉದುರಿಸುವುದರಲ್ಲೂ ಇದೇ ದೋಷ.

ಹಚ್ಚಲೇಬೇಕು ಅಂದರೆ ಸಿಲ್ವರ್ ಸಲ್ಫಾಡಯಜಿನ್ 1% ಕ್ರೀಂ, ಬ್ರೆಡ್ಡಿಗೆ ಬೆಣ್ಣೆ ಸವರಿದಷ್ಟು ತೆಳುವಾಗಿ, ಸೋಂಕಿನ ಭಯ ಇರುವ ಈ ಮೊದಲ ದಿನಗಳಲ್ಲಿ. ನೈಟ್ರೋಫ್ಯುರಜೋನ್ ಹಳದಿ ಮುಲಾಮು ನಮ್ಮ ಕಡೆ ಎಲ್ಲ ಲಾಯದಲ್ಲೂ ಇರುತ್ತದೆ, ಅದು ಕುದುರೆಯಲ್ಲಿ ಹೊಸ ಚರ್ಮ ಬರುವುದನ್ನು ನಿಧಾನ ಮಾಡುತ್ತದೆ. ಬಿಟ್ಟುಬಿಡಿ.

ಇನ್ನೊಂದು ಸಣ್ಣ ವಿಷಯ. ಗಾಯದಿಂದ ಇಳಿಯುವ ನೀರು ಕೆಳಗಿನ ಚರ್ಮವನ್ನು ಸುಡುತ್ತದೆ, ಕೂದಲು ಉದುರಿ ಹುಣ್ಣಾಗುತ್ತದೆ. ಗಾಯದ ಎರಡು ಬೆರಳು ಕೆಳಗಿನಿಂದ ಗೊರಸಿನವರೆಗೆ ವ್ಯಾಸಲಿನ್ ಸವರಿ. ಸುತ್ತ ಕೂದಲು ಕತ್ತರಿಸದಿದ್ದರೆ ಈಗ ಕತ್ತರಿಸಿ. ಅದಕ್ಕೂ ಮೊದಲು ಗಾಯದ ತುಂಬ ನೀರಿನಲ್ಲಿ ಕರಗುವ ಶುದ್ಧ ಜೆಲ್ಲಿ ತುಂಬಿಕೊಳ್ಳಿ. ಉದುರಿದ ಕೂದಲು ಅದಕ್ಕೆ ಅಂಟಿ, ತೊಳೆಯುವಾಗ ಒಟ್ಟಿಗೆ ಹೋಗುತ್ತದೆ. ಒಳಗೆ ಉಳಿದ ಒಂದೇ ಒಂದು ಕೂದಲೂ ಮುಳ್ಳು ಇದ್ದಂತೆಯೇ.

ಗೊರಸು ಲಾಳ, ಕುಶಾಲನಗರ

ಪಟ್ಟಿ ಕಟ್ಟಿ, ಈ ಮಳೆಯಲ್ಲಿ ಬಿಡಬೇಡಿ. ಕೆಸರು, ನೊಣ, ಸಗಣಿ ಮೂರೂ ತಪ್ಪುತ್ತವೆ. ಆದರೆ ಕೆಟ್ಟದಾಗಿ ಕಟ್ಟಿದ ಪಟ್ಟಿ ಗಾಯಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ, ಅದಕ್ಕೆ ವಿವರವಾಗಿ ಬರೆಯುತ್ತೇನೆ.

ಮೂರು ಪದರ. ಗಾಯಕ್ಕೆ ತಾಗುವುದು ಅಂಟದ ಬಟ್ಟೆ, ಮೆಡಿಕಲ್ ಶಾಪಿನಲ್ಲಿ ಪ್ಯಾರಫಿನ್ ಗಾಜ್ ಅಂತ ಕೇಳಿ, ಸುಟ್ಟಗಾಯಕ್ಕೆ ಹಾಕುವಂಥದ್ದು. ಗಾಯಕ್ಕಿಂತ ಒಂದು ಬೆರಳಷ್ಟೇ ದೊಡ್ಡದಾಗಿ ಕತ್ತರಿಸಿ. ಅದರ ಮೇಲೆ ನಾಲ್ಕೈದು ಮಡಿಕೆ ಸಾದಾ ಗಾಜ್, ನೀರು ಹೀರಲಿಕ್ಕೆ. ಇವು ಜಾರದಂತೆ ಮೆದು ಬ್ಯಾಂಡೇಜಿನಲ್ಲಿ ಎರಡು ಸುತ್ತು, ಎಳೆಯದೆ.

ಎರಡನೆಯದು ಹತ್ತಿ. ಇಲ್ಲಿಯೇ ಎಲ್ಲರೂ ಜಿಪುಣತನ ಮಾಡುವುದು. 500 ಗ್ರಾಂ ಹತ್ತಿ ಸುರುಳಿಯನ್ನು ಗಾಯದ ಜಾಗಕ್ಕಷ್ಟೇ ಅಲ್ಲ, ಮಂಡಿಯ ಕೆಳಗಿನಿಂದ ಗೊರಸಿನ ಮೇಲಿನ ಗೆಣ್ಣು ಮುಚ್ಚುವವರೆಗೆ ಸಮನಾಗಿ ಸುತ್ತಿ. ಒತ್ತಿದ ಮೇಲೆ ಎರಡು ಬೆರಳು ದಪ್ಪ ಉಳಿಯಬೇಕು. ಸುಕ್ಕು, ಗಂಟು ಇರಬಾರದು. ಗಾಯ ಇರುವ ಅರ್ಧಕ್ಕೆ ಮಾತ್ರ ಕಟ್ಟಿದರೆ ಕೆಳಗಿನ ಗೆಣ್ಣು ಬಾತುಕೊಳ್ಳುತ್ತದೆ, ಪಟ್ಟಿಯೂ ಸಂಜೆಗೆ ಜಾರಿ ಬಳೆಯಂತೆ ಕೂರುತ್ತದೆ.

ಮೂರನೆಯದು 10 ಅಥವಾ 15 ಸೆಂ.ಮೀ. ಅಗಲದ ಕ್ರೇಪ್ ಬ್ಯಾಂಡೇಜ್. ನಡುವಿನಿಂದ ಶುರು ಮಾಡಿ, ಕೆಳಗೆ ಹೋಗಿ, ಮತ್ತೆ ಮೇಲೆ ಬನ್ನಿ. ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧ ಮುಚ್ಚಬೇಕು. ಕ್ರೇಪ್ ಎಷ್ಟು ಹಿಗ್ಗುತ್ತದೋ ಅದರ ಅರ್ಧ ಎಳೆದರೆ ಸಾಕು. ಮೇಲಿನಿಂದ ನೋಡಿದಾಗ ಎಡಗಾಲಿಗೆ ಗಡಿಯಾರದ ಮುಳ್ಳಿಗೆ ವಿರುದ್ಧ, ಬಲಗಾಲಿಗೆ ಗಡಿಯಾರದ ದಿಕ್ಕು. ಮೇಲೆ, ಕೆಳಗೆ ಒಂದು ಬೆರಳು ಹತ್ತಿ ಹೊರಗೆ ಕಾಣುವಂತೆ ಬಿಡಿ, ಕ್ರೇಪಿನ ಅಂಚು ನೇರ ಚರ್ಮಕ್ಕೆ ತಾಗಬಾರದು. ಕಟ್ಟಿ ಮುಗಿದ ಮೇಲೆ ಮೇಲ್ಭಾಗದಲ್ಲಿ ಒಂದು ಬೆರಳು ಬಿಗಿಯಾಗಿ ತೂರಬೇಕು. ತೂರದಿದ್ದರೆ ಬಿಚ್ಚಿ ಮತ್ತೆ ಕಟ್ಟಿ. ಮುಂಗಾಲಿನ ಹಿಂಬದಿಯಲ್ಲಿ ಓಡುವ ದಪ್ಪ ಸ್ನಾಯುಬಂಧಕ್ಕೆ ಒಂದೇ ಕಡೆ ಬಿಗಿತ ಬಿದ್ದರೆ ಅದು ಊದಿ, ಗಾಯ ಮಾಯ್ದರೂ ಕುದುರೆ ಕುಂಟುತ್ತದೆ. ಹತ್ತಿಯಿಲ್ಲದೆ ಬರೀ ಕ್ರೇಪ್ ಬಿಗಿಯುವವರು ಈ ತಪ್ಪನ್ನೇ ಮಾಡುತ್ತಾರೆ.

ಬಿಚ್ಚುವಾಗ ಕಾಲಿನ ಹೊರಮಗ್ಗುಲಲ್ಲಿ ಕತ್ತರಿ ಹಾಕಿ, ಹಿಂಬದಿ ಸ್ನಾಯುಬಂಧದ ಮೇಲೂ ಗಾಯದ ನೇರಕ್ಕೂ ಬೇಡ. ಗಾಜ್ ಅಂಟಿದ್ದರೆ ಎಳೆಯಬೇಡಿ, ಸಲೈನಿನಲ್ಲಿ ಐದು ನಿಮಿಷ ನೆನೆಸಿ. ಮೇಲಿನವರು ಹೇಳಿದ ಆ ಬಿಳಿ ಗೆರೆ ಒಣಗಿದ ಗಾಜ್ ಬಟ್ಟೆಯ ಜೊತೆಯೇ ಕಿತ್ತು ಬರುವುದು.

ಪಟ್ಟಿ ಒದ್ದೆಯಾದರೆ ಮಧ್ಯರಾತ್ರಿಯಾದರೂ ಬದಲಿಸಿ. ಒದ್ದೆ ಪಟ್ಟಿ ಕಟ್ಟಿಯೂ ಕಟ್ಟದಂತೆ, ಹೊರಗಿನ ಕೊಳೆಯನ್ನು ಬತ್ತಿಯಂತೆ ಒಳಗೆ ಎಳೆಯುತ್ತದೆ. ಮೇಲೆ ಪ್ಲಾಸ್ಟಿಕ್ ಕವರ್ ಸುತ್ತುವ ಉಪಾಯ ಹೊರಗೆ ಹತ್ತು ನಿಮಿಷ ನಡೆಸುವಾಗ ಸರಿ, ಇಡೀ ದಿನ ಬಿಟ್ಟರೆ ಒಳಗೆ ಬೆವರಿ ಕೊಳೆಯುತ್ತದೆ. ಲಾಯದ ನೆಲ ಒಣಗಿರುವುದೇ ನಿಜವಾದ ಮದ್ದು. ಕಾಫಿ ಸಿಪ್ಪೆ ಹಾಸುವ ರೂಢಿ ಇದ್ದರೆ ಈಗ ನಿಲ್ಲಿಸಿ, ಮಳೆಗಾಲದಲ್ಲಿ ಅದು ಬೂಷ್ಟು ಹಿಡಿಯುತ್ತದೆ. ಒಣ ಹುಲ್ಲು ದಪ್ಪವಾಗಿ ಹಾಸಿ, ಉಚ್ಚೆ ಬಿದ್ದ ಜಾಗವನ್ನು ದಿನಕ್ಕೆರಡು ಸಲ ಎತ್ತಿ. ಗಾಯವಿಲ್ಲದ ಬಲಗಾಲಿಗೂ ಬರೀ ಹತ್ತಿ-ಕ್ರೇಪಿನ ಪಟ್ಟಿ ಕಟ್ಟಿ, ಭಾರವೆಲ್ಲ ಅದರ ಮೇಲೇ ಬೀಳುತ್ತಿರುತ್ತದೆ.

ಹಳೇತೋಟ ನಾಪೋಕ್ಲು

ಇಬ್ಬರಿಗೂ ತುಂಬಾ ಉಪಕಾರ. ಹೇಳಿದಂತೆಯೇ ಕಟ್ಟಿ ಎರಡು ದಿನವಾಯಿತು, ಪಟ್ಟಿ ಜಾರಿಲ್ಲ. ಇವತ್ತು ಬಿಚ್ಚಿದಾಗ ಗಾಜ್ ಬಟ್ಟೆಯ ಮೇಲೆ ಹಳದಿ ಲೋಳೆ ಅಂಟಿತ್ತು. ಅದು ಕೀವಾ? ಅಡಿಯಲ್ಲಿ ಅಲ್ಲಲ್ಲಿ ಕೆಂಪು ಹರಳಿನಂತೆ ಕಾಣುತ್ತಿದೆ, ಒರೆಸಿದರೆ ರಕ್ತ ಜಿನುಗುತ್ತದೆ, ಕುದುರೆ ಕಾಲು ಎಳೆದುಕೊಳ್ಳುವುದಿಲ್ಲ. ಜೇನಿನ ಬಗ್ಗೆ ಯಾರೂ ಹೇಳಲಿಲ್ಲ. ಮನೆಯಲ್ಲಿ ತುಡುವೆ ಜೇನು ಇದೆ, ನಾವೇ ಪೆಟ್ಟಿಗೆಯಿಂದ ತೆಗೆದದ್ದು.

ಪಶುವೈದ್ಯೆ, ದಕ್ಷಿಣ ಕೊಡಗು

ಆ ಕೆಂಪು ಹರಳು ನೀವು ಕಾಯುತ್ತಿದ್ದ ಹೊಸ ಮಾಂಸ. ಅದರಲ್ಲಿ ರಕ್ತನಾಳ ಬಹಳ, ನರ ಇಲ್ಲ. ಮುಟ್ಟಿದರೆ ರಕ್ತ ಬರುತ್ತದೆ, ನೋವಾಗುವುದಿಲ್ಲ. ಹಳದಿ ಲೋಳೆ ತೆಳುವಾಗಿ, ವಾಸನೆ ಇಲ್ಲದೆ, ಸಲೈನಿಗೆ ಸುಲಭವಾಗಿ ಹೋದರೆ ಅದು ಗಾಯದ ಸಹಜ ಸ್ರಾವ. ಗಟ್ಟಿಯಾಗಿ, ಬೂದು ಅಥವಾ ಹಸಿರು ಬಣ್ಣದಲ್ಲಿ, ಪಟ್ಟಿ ಬಿಚ್ಚುವ ಮೊದಲೇ ನಾರುತ್ತಿದ್ದರೆ ಕೀವು. ಮೂರನೆಯ ಒಂದು ಬಗೆ ಇದೆ, ಅದು ತುರ್ತು: ಜೇನಿನಂತೆ ಹಳದಿ, ಎರಡು ಬೆರಳ ನಡುವೆ ಹಿಡಿದು ಬಿಡಿಸಿದರೆ ದಾರದಂತೆ ಎಳೆಯುವ ತಿಳಿನೀರು. ಅದು ಕೀಲಿನ ಅಥವಾ ಸ್ನಾಯುಬಂಧದ ಕವಚದ ಒಳನೀರು. ನಿಮ್ಮ ಗಾಯ ಮಂಡಿಯಿಂದ ನಾಲ್ಕು ಬೆರಳು ಕೆಳಗಿದೆ, ಡಾಕ್ಟರು ನೋಡಿದ್ದಾರೆ, ಸಂಭವ ಕಡಿಮೆ. ಆದರೂ ಓದುವ ಎಲ್ಲರೂ ನೆನಪಿಡಬೇಕು. ಕೀಲಿನ ಬಳಿ ಚೂಪು ವಸ್ತು ಚುಚ್ಚಿದ ಗಾಯ ಹೊರಗೆ ಕಡಲೆಕಾಳಿನಷ್ಟಿದ್ದು, ಮೊದಲ ದಿನ ಕುದುರೆ ಕುಂಟದೆಯೂ ಇರಬಹುದು, ಏಕೆಂದರೆ ನೀರು ಹೊರಗೆ ಹರಿಯುತ್ತಿರುವಾಗ ಒಳಗೆ ಒತ್ತಡ ಏರುವುದಿಲ್ಲ. ತೂತು ಮುಚ್ಚಿದ ಮೇಲೆ ಕಾಲು ನೆಲಕ್ಕೆ ಊರಲಾಗದಷ್ಟು ನೋವು ಬರುತ್ತದೆ. ಅಷ್ಟರೊಳಗೆ ಕೀಲು ತೊಳೆಯುವ ಅವಕಾಶ ಕೈಜಾರುತ್ತಿರುತ್ತದೆ. ಅಂಥ ಗಾಯಕ್ಕೆ ಮುಲಾಮು ಹಚ್ಚಬೇಡಿ, ಶುದ್ಧ ಗಾಜ್ ಇಟ್ಟು ಕಟ್ಟಿ ತಕ್ಷಣ ಡಾಕ್ಟರನ್ನು ಕರೆಯಿರಿ. ನಿಮ್ಮ ಡಾಕ್ಟರು ಸಿಗದಿದ್ದರೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ.

ಜೇನು ಒಳ್ಳೆಯ ಮದ್ದೇ. ಕುದುರೆಯ ಕಾಲಿನ ಗಾಯದ ಮೇಲೆ ಅದರ ಅಧ್ಯಯನವೂ ನಡೆದಿದೆ. ಸಕ್ಕರೆಯ ಸಾಂದ್ರತೆ ಬ್ಯಾಕ್ಟೀರಿಯಾದ ನೀರು ಹೀರುತ್ತದೆ, ಆಮ್ಲಗುಣವೂ ಇದೆ. ಆದರೆ ಪೆಟ್ಟಿಗೆಯ ಹಸಿ ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಜಾತಿಯ ಬೀಜಕಣಗಳು ಇರಬಹುದು, ನಾವು ತಿಂದರೆ ತೊಂದರೆ ಇಲ್ಲ, ಆಳವಾದ ಗಾಯಕ್ಕೆ ಅದು ಬೇಡ. ಕಾಯಿಸಿ ಶುದ್ಧ ಮಾಡಹೊರಟರೆ ಅದರ ಗುಣವೇ ಹೋಗುತ್ತದೆ. ಗಾಯಕ್ಕೆಂದೇ ವಿಕಿರಣದಿಂದ ಶುದ್ಧೀಕರಿಸಿದ ಜೇನು ಟ್ಯೂಬಿನಲ್ಲಿ ಬರುತ್ತದೆ, ಸಿಕ್ಕರೆ ಮೊದಲ ಎರಡು ವಾರ ಗಾಜ್ ಬಟ್ಟೆಗೆ ಸವರಿ ಹಾಕಿ. ಮನೆಯ ಜೇನು ಮನೆಯವರಿಗೇ ಇರಲಿ.

ಧನುರ್ವಾಯು ಇಂಜೆಕ್ಷನ್ ಯಾವುದು ಅಂತ ಡಾಕ್ಟರ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ. ಸಿದ್ಧ ಪ್ರತಿವಿಷವಾದರೆ ಎರಡು-ಮೂರು ವಾರ ಮಾತ್ರ ಕಾಯುತ್ತದೆ, ನಿಮ್ಮ ಗಾಯ ಅದಕ್ಕಿಂತ ಹೆಚ್ಚು ದಿನ ತೆರೆದಿರುತ್ತದೆ. ಲಸಿಕೆಯಾದರೆ, ಹಿಂದೆ ಯಾವತ್ತೂ ಹಾಕಿಸದ ಕುದುರೆಗೆ ನಾಲ್ಕು ವಾರದ ಹೊತ್ತಿಗೆ ಎರಡನೆಯ ಡೋಸ್ ಬೇಕೇ ಬೇಕು. ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವುದು ಇನ್ನೊಂದಿಲ್ಲ.

ಈಗ ದುರ್ಮಾಂಸ. ಹೊಸ ಮಾಂಸ ಚರ್ಮದ ಮಟ್ಟಕ್ಕೆ ಬಂದು ನಿಲ್ಲಬೇಕು. ಮಂಡಿಯ ಕೆಳಗೆ ಅದು ನಿಲ್ಲುವುದಿಲ್ಲ, ಮೇಲೆದ್ದು ಹೂಕೋಸಿನಂತೆ ಅಂಚಿನ ಮೇಲೆ ಬಾಗುತ್ತದೆ. ಹೊಸ ಚರ್ಮಕ್ಕೆ ಆ ಗುಡ್ಡ ಹತ್ತಲಾಗುವುದಿಲ್ಲ, ಅಲ್ಲೇ ನಿಂತುಬಿಡುತ್ತದೆ. ಆದ್ದರಿಂದ ಇನ್ನು ಮುಂದೆ ಪ್ರತಿ ಸಲ ಪಟ್ಟಿ ಬಿಚ್ಚಿದಾಗ ಕಣ್ಣನ್ನು ಕಾಲಿನ ಪಕ್ಕಕ್ಕೆ ತಂದು, ಅಡ್ಡದಿಂದ ನೋಡಿ. ಮುಂದಿನಿಂದ ನೋಡಿದರೆ ಎತ್ತರ ಗೊತ್ತಾಗುವುದಿಲ್ಲ. ಗಾಯದ ಪಕ್ಕ ಸ್ಕೇಲ್ ಹಿಡಿದು ವಾರಕ್ಕೊಮ್ಮೆ ಒಂದೇ ಕೋನದಿಂದ ಫೋಟೋ ತೆಗೆಯಿರಿ, ಡಾಕ್ಟರಿಗೆ ಅದಕ್ಕಿಂತ ಉಪಯೋಗದ್ದು ಇಲ್ಲ.

ಮಾಂಸ ಚರ್ಮದ ಮಟ್ಟ ಮುಟ್ಟಿದ ದಿನದಿಂದ ನಿಮ್ಮ ಕ್ರಮ ಬದಲಾಗಬೇಕು. ಎಣ್ಣೆ ಅಂಶದ ಗಾಜ್ ಬಿಟ್ಟು, ಅಂಟದ ಆದರೆ ಗಾಳಿಯಾಡುವ ಒಣ ಪ್ಯಾಡ್. ಸದಾ ಬೆಚ್ಚಗೆ ಒದ್ದೆಯಾಗಿ ಮುಚ್ಚಿದ ಗಾಯದಲ್ಲಿ ಮಾಂಸ ಇನ್ನೂ ಬೇಗ ಉಕ್ಕುತ್ತದೆ. ಪಟ್ಟಿಯನ್ನು ಮೂರು-ನಾಲ್ಕು ದಿನಕ್ಕೊಮ್ಮೆ ಬಿಚ್ಚಿದರೆ ಸಾಕು, ದಿನಾ ಕೆದಕುವುದೂ ಒಂದು ಪ್ರಚೋದನೆಯೇ. ಒಂದೆರಡು ಮಿಲಿಮೀಟರ್ ಮೇಲೆದ್ದರೆ ಹೈಡ್ರೋಕಾರ್ಟಿಸೋನ್ 1% (ಸ್ಟೀರಾಯ್ಡ್ ಮುಲಾಮು) ತೆಳುವಾಗಿ ಒಂದು ಸಲ, ಹೆಚ್ಚೆಂದರೆ ಎರಡು ಸಲ, ಡಾಕ್ಟರು ನೋಡಿ ಹೇಳಿದ ಮೇಲೆ, ಮಾಂಸದ ನಡುವೆ ಮಾತ್ರ. ಸೋಂಕು ಇದ್ದರೆ ಬೇಡ. ಸ್ಟೀರಾಯ್ಡ್ ಮಾಂಸವನ್ನು ತಡೆಯುವಂತೆ ಚರ್ಮವನ್ನೂ ತಡೆಯುತ್ತದೆ. ಮೆಡಿಕಲ್ ಶಾಪಿನಲ್ಲಿ ಹುಳುಕಡ್ಡಿಗೆ ಕೊಡುವ, ಸ್ಟೀರಾಯ್ಡ್, ಆಂಟಿಬಯಾಟಿಕ್, ಫಂಗಸ್ ಮದ್ದು ಮೂರೂ ಬೆರೆತ ಟ್ಯೂಬ್ ಬೇಡ. ಅದರಲ್ಲಿರುವುದು ಹೆಚ್ಚಾಗಿ ಬಹಳ ಬಲವಾದ ಸ್ಟೀರಾಯ್ಡ್.

ಅದಕ್ಕಿಂತ ಮೇಲೆದ್ದರೆ ಕತ್ತರಿಸಬೇಕು, ಅದು ಡಾಕ್ಟರ ಕೆಲಸ. ಮಾಂಸಕ್ಕೆ ನೋವಿಲ್ಲದಿದ್ದರೂ ಕುದುರೆಗೆ ಮಂಪರು ಕೊಟ್ಟೇ ಮಾಡುತ್ತೇವೆ. ಕೆಳಗಿನಿಂದ ಮೇಲಕ್ಕೆ ಹೆರೆಯುತ್ತೇವೆ, ಇಲ್ಲದಿದ್ದರೆ ಹರಿಯುವ ರಕ್ತ ಕೆಳಗಿನದ್ದನ್ನು ಮುಚ್ಚಿಬಿಡುತ್ತದೆ. ರಕ್ತ ನೋಡುವವರಿಗೆ ಗಾಬರಿಯಾಗುವಷ್ಟು ಬರುತ್ತದೆ. ಒತ್ತಿ ಕಟ್ಟಿದರೆ ನಿಲ್ಲುತ್ತದೆ, ಮರುದಿನ ಬಿಚ್ಚುತ್ತೇವೆ.

ಮೈಲುತುತ್ತದ ವಿಷಯ ನಿಮ್ಮ ತೋಟದ ಭಾಷೆಯಲ್ಲೇ ಹೇಳುತ್ತೇನೆ. 1% ಬೋರ್ಡೋಗೆ ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಸುಣ್ಣ ಕಡಿಮೆಯಾದರೆ ಏನಾಗುತ್ತದೆ? ಎಲೆ ಸುಟ್ಟುಹೋಗುತ್ತದೆ, ಅದಕ್ಕೇ ಚಾಕು ಅದ್ದಿ ತಾಮ್ರ ಹತ್ತುತ್ತದಾ ನೋಡುತ್ತೀರಿ. ಅಷ್ಟು ತೆಳುವಾಗಿದ್ದೂ ಎಲೆ ಸುಡುವ ವಸ್ತುವನ್ನು ಹರಳು ಪುಡಿ ಮಾಡಿ ಹಸಿ ಗಾಯಕ್ಕೆ ತುಂಬುತ್ತಾರೆ. ದುರ್ಮಾಂಸ ಸುಡುತ್ತದೆ, ನಿಜ. ಅದರ ಜೊತೆ ಅಂಚಿನ ಹೊಸ ಚರ್ಮವೂ, ಕೆಲವೊಮ್ಮೆ ಕೆಳಗಿನ ಸ್ನಾಯುಬಂಧವೂ ಸುಡುತ್ತದೆ. ಕಪ್ಪು ಹೊಪ್ಪಳೆ ಬಿದ್ದ ಮೇಲೆ ಮಾಂಸ ಮೊದಲಿಗಿಂತ ಜೋರಾಗಿ ಉಕ್ಕುತ್ತದೆ. ಮುಂಗಾಲನ್ನು ಕುದುರೆ ನೆಕ್ಕುತ್ತದೆ ಬೇರೆ, ತಾಮ್ರ ಹೊಟ್ಟೆಗೂ ಹೋಗುತ್ತದೆ.

ಲಾಯದ ಮನೆ, ಮಡಿಕೇರಿ

ಮೇಡಂ, ಮಳೆಗಾಲದ ಹುಣ್ಣಿನ ಬಗ್ಗೆಯೂ ಬರೆಯಿರಿ. ಎಲ್ಲವನ್ನೂ ದುರ್ಮಾಂಸ ಅಂದುಕೊಂಡು ತಿಂಗಳುಗಟ್ಟಲೆ ಕಳೆಯುತ್ತಾರೆ.

ಪಶುವೈದ್ಯೆ, ದಕ್ಷಿಣ ಕೊಡಗು

ಹೌದು, ಅದನ್ನು ಹೇಳದೆ ಬಿಡುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂರು ಕಂಟಕ.

ಒಂದು, ಹುಳ. ಗಾಯ ತೆರೆದಿದ್ದರೆ ನೊಣ ಮೊಟ್ಟೆ ಇಟ್ಟು, ಒಂದೆರಡು ದಿನದಲ್ಲೇ ಹುಳ ಆಡುತ್ತಿರುತ್ತವೆ. ದನಕ್ಕೆ ಟರ್ಪೆಂಟೈನ್ ಬತ್ತಿ ಇಡುವವರು ಕುದುರೆಗೂ ಇಡುತ್ತಾರೆ, ಮಾಡಬೇಡಿ. ಸಲೈನಿನಲ್ಲಿ ಚಿಮ್ಮಿಸಿ, ಚಿಮಟದಲ್ಲಿ ಒಂದೊಂದೇ ತೆಗೆದು, ಆಳದಲ್ಲಿ ಉಳಿದವಕ್ಕೆ ಡಾಕ್ಟರು ಐವರ್‌ಮೆಕ್ಟಿನ್ ಕೊಡುತ್ತಾರೆ. ಕುದುರೆಗೆ ಅದು ಬಾಯಿಯ ಮೂಲಕವೇ. ದನಕ್ಕೆ ತಂದಿಟ್ಟ ಇಂಜೆಕ್ಷನ್ ಬಾಟಲಿಯಿಂದ ಕುದುರೆಗೆ ಚುಚ್ಚಿದರೆ ಚುಚ್ಚಿದ ಜಾಗ ಊದಿ ಕೊಳೆತು ಪ್ರಾಣಕ್ಕೇ ಬರಬಹುದು. ನೊಣ ಓಡಿಸಲು ಬೇವಿನೆಣ್ಣೆ ಒಂದು ಭಾಗಕ್ಕೆ ಕೊಬ್ಬರಿ ಎಣ್ಣೆ ಹತ್ತು ಭಾಗ ಬೆರೆಸಿ, ಪಟ್ಟಿಯ ಮೇಲಿನ ಕೂದಲಿಗೆ ಸವರಿ, ಗಾಯಕ್ಕಲ್ಲ. ಮೊದಲು ಕುತ್ತಿಗೆಯ ಮೇಲೆ ರೂಪಾಯಿಯಗಲ ಹಚ್ಚಿ ಒಂದು ದಿನ ನೋಡಿ, ಕೆಲವು ಕುದುರೆಗೆ ದದ್ದು ಏಳುತ್ತದೆ.

ಎರಡು, ಬರ್ಸಾತಿ. ಹಿಂದಿಯ ಬರಸಾತ್, ಅಂದರೆ ಮಳೆ, ಅದರಿಂದ ಬಂದ ಹೆಸರು. 19ನೇ ಶತಮಾನದಲ್ಲಿ ಇಲ್ಲಿದ್ದ ಬ್ರಿಟಿಷ್ ಸೈನ್ಯದ ಪಶುವೈದ್ಯರೂ ಇದೇ ಹೆಸರಿನಲ್ಲಿ ಬರೆದಿದ್ದಾರೆ. ಕುದುರೆಯ ಹೊಟ್ಟೆಯಲ್ಲಿರುವ ಹ್ಯಾಬ್ರೊನೀಮಾ ಎಂಬ ಜಂತಿನ ಮರಿಗಳನ್ನು ಮನೆನೊಣ, ಲಾಯದ ನೊಣ ಹೊತ್ತು ತಂದು ಒದ್ದೆ ಗಾಯದ ಮೇಲೆ ಬಿಡುತ್ತವೆ. ಗಾಯ ವಾಸಿಯಾಗುವುದಿಲ್ಲ, ತುರಿಸುತ್ತದೆ, ಮಾಂಸದ ನಡುವೆ ಅಕ್ಕಿ ನುಚ್ಚಿನಂಥ ಹಳದಿ ಗಟ್ಟಿ ಕಾಳು ಸಿಗುತ್ತವೆ. ಇದಕ್ಕೆ ಮೇಲಿನ ಮುಲಾಮು ಎಷ್ಟು ಹಚ್ಚಿದರೂ ವ್ಯರ್ಥ. ಐವರ್‌ಮೆಕ್ಟಿನ್ ಕೆ.ಜಿ.ಗೆ 0.2 ಮಿ.ಗ್ರಾಂ., ನಿಮ್ಮ ಕುದುರೆಗೆ ಲೆಕ್ಕ ಹಾಕಿದರೆ 70 ಮಿ.ಗ್ರಾಂ. ಆಗುತ್ತದೆ. ತೂಕ ಅಳೆದು ಡಾಕ್ಟರೇ ಕೊಡಲಿ. ಲದ್ದಿ ದಿನಾ ಎತ್ತಿ ಲಾಯದಿಂದ ದೂರ ಹಾಕುವುದು ಇದರ ಅರ್ಧ ಚಿಕಿತ್ಸೆ.

ಮೂರನೆಯದು ಅಪರೂಪ, ಆದರೆ ಎಲ್ಲಕ್ಕಿಂತ ಕೆಟ್ಟದ್ದು, ಪಿಥಿಯೋಸಿಸ್. ಶುಂಠಿ ಬೆಳೆದವರಿಗೆ ಪಿಥಿಯಂ ಹೆಸರು ಗೊತ್ತು, ಗೆಡ್ಡೆ ಕೊಳೆಸುವಂಥದ್ದು. ಅದೇ ಕುಲದ ಪಿಥಿಯಂ ಇನ್ಸಿಡಿಯೋಸಮ್ ಕುದುರೆಯ ಗಾಯವನ್ನು ಹಿಡಿಯುತ್ತದೆ. ನಿಂತ ಬೆಚ್ಚಗಿನ ನೀರಿನಲ್ಲಿ ಇದರ ಈಜುವ ಬೀಜಕಣ ಇರುತ್ತವೆ. ನಾಟಿ ಗದ್ದೆ, ಕೆರೆಯಂಚಿನಲ್ಲಿ ಮೇಯುವ ಕುದುರೆಯ ಕಾಲಿಗೆ ಸಣ್ಣ ತರಚು ಸಾಕು. ಎರಡು-ಮೂರು ವಾರದಲ್ಲಿ ಗಾಯ ಅಂಗೈಯಗಲವಾಗಬಹುದು, ಕುದುರೆ ಕಚ್ಚಿಕೊಳ್ಳುವಷ್ಟು ತುರಿಕೆ, ರಕ್ತ ಬೆರೆತ ದಾರದಂಥ ಲೋಳೆ. ಮಾಂಸದ ಸಂದಿಯಿಂದ ಹವಳದ ಕವಲಿನಂತೆ ಹಳದಿ-ಬೂದು ಗಟ್ಟಿ ತುಂಡು ಬೀಳುತ್ತವೆ. ಇದು ನಿಜವಾದ ಶಿಲೀಂಧ್ರವಲ್ಲ, ಹೆಚ್ಚಿನ ಫಂಗಸ್ ಮದ್ದುಗಳು ಗುರಿಯಿಡುವ ಎರ್ಗೊಸ್ಟೆರಾಲ್ ಇದರ ಕೋಶಪೊರೆಯಲ್ಲಿ ಇಲ್ಲ, ಹಾಗಾಗಿ ಅವು ನಾಟುವುದಿಲ್ಲ. ಬೇಗ ಗುರುತಿಸಿ ಶಸ್ತ್ರಚಿಕಿತ್ಸೆಯಲ್ಲಿ ಪೂರ್ತಿ ತೆಗೆದರೆ ಕುದುರೆ ಉಳಿಯುತ್ತದೆ, ತಿಂಗಳು ಕಳೆದರೆ ಕಷ್ಟ. ಬಿದ್ದ ತುಂಡನ್ನು ಎಸೆಯಬೇಡಿ, ಶುದ್ಧ ಡಬ್ಬಿಯಲ್ಲಿ ಹಾಕಿ ಡಾಕ್ಟರಿಗೆ ತೋರಿಸಿ.

ಮೂರು ವಾರದ ನಂತರವೂ ಗಾಯ ಕುಗ್ಗಲು ಶುರುವಾಗದಿದ್ದರೆ, ದುರ್ಮಾಂಸ ಕತ್ತರಿಸಿದ ಮೇಲೆ ಮತ್ತೆ ಮತ್ತೆ ಬರುತ್ತಿದ್ದರೆ, ಒಂದು ಚೂರು ಮಾಂಸ ಪರೀಕ್ಷೆಗೆ ಕಳಿಸಲು ನೀವೇ ಕೇಳಿ. ಸಾರ್ಕಾಯ್ಡ್ ಎಂಬ ಚರ್ಮದ ಗಡ್ಡೆಯೂ ಹಳೆಯ ಗಾಯದ ಜಾಗದಲ್ಲಿ ದುರ್ಮಾಂಸದ ವೇಷದಲ್ಲೇ ಬರುತ್ತದೆ.

ಹಳೇತೋಟ ನಾಪೋಕ್ಲು

ಗದ್ದೆ ಬದಿಗೆ ಬಿಡುವುದನ್ನು ಇವತ್ತೇ ನಿಲ್ಲಿಸಿದೆ. ಡಾಕ್ಟರಿಗೆ ಫೋನ್ ಮಾಡಿದೆ, ಕೊಟ್ಟದ್ದು ಲಸಿಕೆಯಂತೆ, ಎರಡನೆಯ ಡೋಸಿನ ದಿನ ಗುರುತು ಹಾಕಿಕೊಂಡೆ. ಕೊನೆಯದಾಗಿ, ದಿನಾ ನಡೆಸಬಹುದಾ, ಕಟ್ಟಿಯೇ ಇಡಬೇಕಾ?

ಗೊರಸು ಲಾಳ, ಕುಶಾಲನಗರ

ಲಾಯದಲ್ಲೇ ಇರಲಿ, ಡಾಕ್ಟರು ಬೇಡ ಅನ್ನದಿದ್ದರೆ ಪಟ್ಟಿ ಕಟ್ಟಿಯೇ ಹಗ್ಗ ಹಿಡಿದು ಹತ್ತು ನಿಮಿಷ, ದಿನಕ್ಕೆರಡು ಸಲ, ಸಮತಟ್ಟು ಒಣ ಜಾಗದಲ್ಲಿ ನಡೆಸಿ. ಕಾಲಿನ ಬಾವು ಇಳಿಯುತ್ತದೆ. ಓಟ, ಇಳಿಜಾರು, ತಿರುವು ಬೇಡ, ಅಲುಗಾಟ ಹೆಚ್ಚಾದಷ್ಟೂ ದುರ್ಮಾಂಸ ಹೆಚ್ಚು. ಕೆಲಸ ಇಲ್ಲದ ಕುದುರೆಗೆ ಹುರುಳಿ, ಹಿಂಡಿ ಅರ್ಧಕ್ಕೆ ಇಳಿಸಿ, ಹುಲ್ಲು ಬೇಕಾದಷ್ಟು ಕೊಡಿ. ಪಟ್ಟಿ ಕಚ್ಚಿ ಹರಿದರೆ ಹೊರಪದರಕ್ಕೆ ಮಾತ್ರ ಹಸಿಮೆಣಸಿನ ರಸ ಸವರುವವರಿದ್ದಾರೆ, ಅದು ಒದ್ದೆಯಾಗಿ ಒಳಗಿಳಿದರೆ ಗಾಯ ಉರಿಯುತ್ತದೆ. ಅದರ ಬದಲು ಬಾಯಿಗೆ ಸಿಗುವ ಎತ್ತರದಲ್ಲಿ ಹುಲ್ಲಿನ ಬಲೆ ಕಟ್ಟಿ, ಮೇಯುತ್ತಿದ್ದರೆ ಪಟ್ಟಿಯ ಗೊಡವೆಗೆ ಬರುವುದಿಲ್ಲ. ಬಲೆಯನ್ನು ಎದೆಗಿಂತ ಮೇಲೆ ಕಟ್ಟಿ, ಖಾಲಿಯಾಗಿ ಜೋತುಬಿದ್ದಾಗ ಗೊರಸು ಸಿಕ್ಕಿಕೊಳ್ಳಬಾರದು.